ಟಿಬಿಲಿಸಿಯ ಸ್ಟುಡಿಯೋದಲ್ಲಿ ಹಿಂದಿ ಸಿನಿಮಾ ಜಾರ್ಜಿಯನ್ ಮಾತಾಡಿದ ಕತೆ

ಜಾರ್ಜಿಯಾಕ್ಕೆ ಮೆಡಿಕಲ್ ಓದೋಕೆ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ತುಂಬಾ ಜನ ಇದ್ದಾರೆ. ಅಲ್ಲಿನ ರಾಜಧಾನಿ ಟಿಬಿಲಿಸಿಯ ವಾಝಾ ಪ್ಶಾವೆಲಾ ರಸ್ತೆಯಲ್ಲಿ ಸಂಜೆ ಸುಮ್ನೆ ಒಂದು ಸುತ್ತು ಹಾಕಿದರೆ ಮಲಯಾಳಂ, ತೆಲುಗು, ಹಿಂದಿ, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ನಾನೂ ಹಾಗೆ ಹುಬ್ಬಳ್ಳಿಯಿಂದ ಹೋದವಳು. ಪಾಠ ಎಲ್ಲ ಇಂಗ್ಲಿಷಿನಲ್ಲೇ. ಆದರೆ ವಾರ್ಡಿಗೆ ಕಾಲಿಟ್ಟ ಮೇಲೆ ರೋಗಿಗಳು ಮಾತಾಡುವುದು ಜಾರ್ಜಿಯನ್, ಅದಕ್ಕೇ ಕಾಲೇಜಿನಲ್ಲಿ ಆ ಭಾಷೆಯನ್ನೂ ಕಲಿಸುತ್ತಾರೆ. ಎಷ್ಟೋ ಜನ ಪರೀಕ್ಷೆ ಮುಗಿದ ಮೇಲೆ ಅದನ್ನು ಅಲ್ಲಿಗೇ ಬಿಡುತ್ತಾರೆ. ನಾನು ಬಿಡಲಿಲ್ಲ. ಮನೆ ಬಾಡಿಗೆಗೆ ಕೊಟ್ಟ ಅಜ್ಜಿಗೆ ಬರುತ್ತಿದ್ದದ್ದು ಜಾರ್ಜಿಯನ್ ಮತ್ತು ರಷ್ಯನ್, ಎರಡೇ. ಅಜ್ಜಿಗೆ ಅಲ್ಲಿ ಬೆಬಿಯಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಜೊತೆ ಅಡುಗೆಮನೆಯಲ್ಲಿ ಕೂತು ಕೂತೇ ನನ್ನ ನಾಲಗೆ ತಿರುಗಿದ್ದು.

ಆ ನಾಲಗೆಯಿಂದಲೇ ಒಂದು ಕೆಲಸ ಸಿಕ್ಕಿತು. ಒಂದು ಟಿವಿ ಚಾನೆಲ್‌ಗೆ ಹಿಂದಿ ಸಿನಿಮಾ ಒಂದನ್ನು ಜಾರ್ಜಿಯನ್‌ಗೆ ಡಬ್ ಮಾಡುತ್ತಿದ್ದರು. ಹಿಂದಿಯೂ ಬರಬೇಕು, ಜಾರ್ಜಿಯನ್ನೂ ತಕ್ಕಮಟ್ಟಿಗೆ ಬರಬೇಕು, ಅಂಥವರು ಬೇಕಾಗಿತ್ತು. ಪರಿಚಯದವರೊಬ್ಬರು ನನ್ನ ಹೆಸರು ಹೇಳಿದರು. ಮಾರ್ಜನಿಶ್ವಿಲಿ ಮೆಟ್ರೋ ಹತ್ತಿರ, ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ ಸ್ಟುಡಿಯೋ. ಎರಡು ಕೋಣೆ, ನಡುವೆ ದಪ್ಪ ಗಾಜು, ಗೋಡೆಗೆಲ್ಲ ಕಂಬಳಿ ಥರದ ಬಟ್ಟೆ. ನೋಡೋಕೆ ಏನೂ ಇಲ್ಲ. ಆದರೆ ಆ ಕೋಣೆಯಲ್ಲಿ ನಡೆಯುವ ಕೆಲಸಕ್ಕೆ ಆ ದೇಶದಲ್ಲಿ ಎಷ್ಟು ಬೆಲೆ ಇದೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನ ಕತೆ ಹೇಳಬೇಕು.

ನಾನು ಕೆಲಸದ ವಿಷಯ ಹೇಳಿದ ದಿನ ಬೆಬಿಯಾ ಕೇಳಿದ್ದು, "ರಾಜ್ ಕಪೂರ್ ಸಿನಿಮಾನಾ ಮಗಳೇ?" ಅಂತ. ಅಲ್ಲ, ಹೊಸದು ಅಂದೆ. ರಾಜ್ ಕಪೂರ್ 1954ರಲ್ಲಿ ಸೋವಿಯತ್ ತೆರೆಗೆ ಬಂದು ಇಡೀ ದೇಶದ ಮನಸ್ಸು ಗೆದ್ದ ನಟ. ಬೆಬಿಯಾ ಚಿಕ್ಕವರಿದ್ದಾಗ ಅವನ ಸಿನಿಮಾ ನೋಡಿದ್ದರು, ಹಾಡೂ ನೆನಪಿತ್ತು. ಆದರೆ ಅವರ ನೆನಪಿನ ರಾಜ್ ಕಪೂರ್ ಮಾತಾಡುವುದು ರಷ್ಯನ್! ಹಾಡು ಮಾತ್ರ ಹಿಂದಿ, ಮಾತು ಪೂರಾ ರಷ್ಯನ್. ಆಗ ಜಾರ್ಜಿಯಾ ಸೋವಿಯತ್ ಒಕ್ಕೂಟದ ಒಂದು ಗಣರಾಜ್ಯ, ಹೊರಗಿನ ಸಿನಿಮಾಗಳು ಹೆಚ್ಚಾಗಿ ರಷ್ಯನ್ ಮಾತು ಹಾಕಿಕೊಂಡೇ ಟಿಬಿಲಿಸಿಗೆ ಬರುತ್ತಿದ್ದವು. ಜಾರ್ಜಿಯಾದವರೇ ತೆಗೆದ ಸಿನಿಮಾ ಬೇರೆ ಗಣರಾಜ್ಯಗಳಿಗೆ ಹೋಗಬೇಕಾದರೂ ಅದಕ್ಕೆ ರಷ್ಯನ್ ದನಿ ಹಾಕಬೇಕಿತ್ತು. ದೊಡ್ಡ ಲೋಕಕ್ಕೆ ಹೋಗುವ ಬಾಗಿಲೂ ರಷ್ಯನ್, ಆ ಲೋಕ ಮನೆಗೆ ಬರುವ ಬಾಗಿಲೂ ರಷ್ಯನ್.

ಭಾಷೆ ವಿಷಯದಲ್ಲಿ ಅಲ್ಲಿನ ಜನ ಸುಮ್ಮನೆ ಕೂತವರಲ್ಲ. 1978ರ ಏಪ್ರಿಲ್ 14ರಂದು ಟಿಬಿಲಿಸಿಯ ವಿದ್ಯಾರ್ಥಿಗಳು ಸಾವಿರಗಟ್ಟಲೆ ರುಸ್ತವೇಲಿ ರಸ್ತೆಗೆ ಇಳಿದರು. ಹೊಸ ಸಂವಿಧಾನದ ಕರಡಿನಲ್ಲಿ ಜಾರ್ಜಿಯನ್‌ಗಿದ್ದ ರಾಜ್ಯಭಾಷೆಯ ಸ್ಥಾನವನ್ನು ತೆಗೆದುಹಾಕುವ ಯೋಚನೆ ಇತ್ತು. ಸೋವಿಯತ್ ಕಾಲದಲ್ಲಿ ಬೀದಿಗಿಳಿಯುವುದು ಅಂದರೆ ತಮಾಷೆ ಮಾತಲ್ಲ. ಆಗ ಅಲ್ಲಿ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಎಡ್ವರ್ಡ್ ಶೆವರ್ಡ್‌ನಾಡ್ಜೆ. ಕೊನೆಗೆ ಸರ್ಕಾರ ಹಿಂದೆ ಸರಿಯಿತು, ಆ ಸ್ಥಾನ ಉಳಿಯಿತು. ಇವತ್ತಿಗೂ ಏಪ್ರಿಲ್ 14 ಅವರ ಭಾಷಾ ದಿನ. ಬೆಬಿಯಾ ಆ ಗುಂಪಿನಲ್ಲಿ ಇದ್ದವರು. ಅದನ್ನು ಹೇಳುವಾಗ ಕೈಯಲ್ಲಿದ್ದ ಚಾಕು ಕೆಳಗಿಟ್ಟು, ನೆಟ್ಟಗೆ ಕೂತು ಹೇಳುತ್ತಿದ್ದರು.

1991ರಲ್ಲಿ ಸ್ವಾತಂತ್ರ್ಯ ಬಂತು, ಆದರೆ ತೆರೆಯ ಮೇಲಿನ ರಷ್ಯನ್ ತಕ್ಷಣ ಹೋಗಲಿಲ್ಲ. ತೊಂಬತ್ತರ ದಶಕದಲ್ಲಿ ಕರೆಂಟೇ ಸರಿಯಾಗಿ ಇರುತ್ತಿರಲಿಲ್ಲ, ಡಬ್ಬಿಂಗ್ ಯಾರು ಮಾಡಬೇಕು? ಕಳ್ಳ ವಿಡಿಯೋ ಕ್ಯಾಸೆಟ್‌ಗಳಲ್ಲಿ ಹೀರೋ, ಹೀರೋಯಿನ್, ವಿಲನ್, ಮಗು ಎಲ್ಲರಿಗೂ ಒಬ್ಬನೇ ಗಂಡಸಿನ ರಷ್ಯನ್ ದನಿ. 2008ರ ಆಗಸ್ಟ್‌ನಲ್ಲಿ ರಷ್ಯಾ ಜೊತೆ ಐದು ದಿನದ ಯುದ್ಧ ಆಯಿತು. ಅದಾಗಿ ಕೆಲವು ವರ್ಷದಲ್ಲಿ, ಚಿತ್ರಮಂದಿರಗಳಲ್ಲಿ ಹೊರದೇಶದ ಸಿನಿಮಾ ತೋರಿಸಬೇಕಾದರೆ ಜಾರ್ಜಿಯನ್ ದನಿ ಇರಬೇಕು, ಇಲ್ಲವೇ ಜಾರ್ಜಿಯನ್ ಸಬ್‌ಟೈಟಲ್ ಇರಬೇಕು ಅಂತ ಕಾನೂನೇ ಬಂತು. ಇಡೀ ದೇಶದ ಜನಸಂಖ್ಯೆ 40 ಲಕ್ಷ ಮುಟ್ಟುವುದಿಲ್ಲ, ನಮ್ಮ ಬೆಂಗಳೂರಿನ ಅರ್ಧ ಕೂಡ ಅಲ್ಲ. ಇಷ್ಟು ಸಣ್ಣ ಮಾರುಕಟ್ಟೆಗೆ ಇಷ್ಟೊಂದು ಖರ್ಚು ಯಾಕೆ ಅಂತ ಲೆಕ್ಕದವರು ಕೇಳಬಹುದು. ಅವರು ಅದನ್ನು ಲೆಕ್ಕವಾಗಿ ನೋಡಿಲ್ಲ, ಅದೇ ನನಗೆ ಇಷ್ಟವಾದದ್ದು.

ಈಗ ಕೆಲಸಕ್ಕೆ ಬರುತ್ತೇನೆ.

ಮೊದಲು ಕೈಗೆ ಬಂದದ್ದು ಡೈಲಾಗ್ ಪಟ್ಟಿ. ಒಂದೊಂದು ಮಾತಿನ ಮುಂದೆ ಅದು ಶುರುವಾಗುವ, ಮುಗಿಯುವ ಸಮಯ, ಪಾತ್ರದ ಹೆಸರು. ಜಾರ್ಜಿಯನ್ ಅನುವಾದ ಆಗಲೇ ಸಿದ್ಧವಾಗಿತ್ತು. ಅನುವಾದಕರು ಬಹಳ ಒಳ್ಳೆಯವರು, ಬಹಳ ಓದಿಕೊಂಡವರು, ಆದರೆ ಹಿಂದಿ ಬಾರದು. ಇಂಗ್ಲಿಷ್ ಪಟ್ಟಿ ಇಟ್ಟುಕೊಂಡು ಮಾಡಿದ್ದರು. ಅಲ್ಲೇ ಇತ್ತು ತೊಂದರೆ. ಹಿಂದಿಯಲ್ಲಿ ಆಪ್, ತುಮ್, ತೂ ಅಂತ ಮೂರು. ಜಾರ್ಜಿಯನ್‌ನಲ್ಲಿ ನಮ್ಮ ನೀನು, ನೀವು ಇದ್ದ ಹಾಗೆಯೇ ಶೆನ್, ತ್ಕ್ವೆನ್ ಅಂತ ಎರಡು. ನಡುವೆ ಕೂತ ಇಂಗ್ಲಿಷಿನಲ್ಲಿ ಒಂದೇ. ಹಾಗಾಗಿ ಸೊಸೆ ಮಾವನಿಗೆ ನೀನು ಅನ್ನುತ್ತಿದ್ದಳು, ಅಣ್ಣ ತಮ್ಮಂದಿರು ಒಬ್ಬರಿಗೊಬ್ಬರು ನೀವು ಅನ್ನುತ್ತಿದ್ದರು. ಸಿನಿಮಾದ ನಡುವೆ ಒಂದು ಕಡೆ ಹೆಂಡತಿ ಸಿಟ್ಟಿನಲ್ಲಿ ಗಂಡನಿಗೆ ಆಪ್ ಬಿಟ್ಟು ತುಮ್ ಅನ್ನುತ್ತಾಳೆ. ಕತೆಯ ತಿರುವೇ ಅಲ್ಲಿದೆ. ಇಂಗ್ಲಿಷ್ ಪಟ್ಟಿಯಲ್ಲಿ ಅದರ ಸುಳಿವೂ ಇರಲಿಲ್ಲ. ನಾನು ಹಿಂದಿ ಕೇಳಿಕೊಂಡು ಒಂದೊಂದು ಸಾಲಿನ ಪಕ್ಕದಲ್ಲೂ ಗುರುತು ಹಾಕುತ್ತಾ ಹೋದೆ, ಇಲ್ಲಿ ಶೆನ್, ಇಲ್ಲಿ ತ್ಕ್ವೆನ್, ಇಲ್ಲಿಂದ ಬದಲು.

ನೆಂಟಸ್ತಿಕೆಯದ್ದು ಇನ್ನೂ ಚೆನ್ನಾಗಿತ್ತು. ಇಂಗ್ಲಿಷಿನವರು ನಾದಿನಿ, ಅತ್ತಿಗೆ, ಹೆಂಡತಿಯ ತಂಗಿ ಎಲ್ಲರಿಗೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಜಾರ್ಜಿಯನ್‌ನವರು ಹಾಗಲ್ಲ. ಗಂಡನ ಅಕ್ಕ ತಂಗಿ ಮುಲಿ, ಗಂಡನ ಅಣ್ಣ ತಮ್ಮ ಮಝ್ಲಿ, ಮನೆಗೆ ಬಂದ ಸೊಸೆ ರ್ದ್ಝಾಲಿ. ಷಡ್ಡಕನಿಗೂ ಬೇರೆ ಹೆಸರಿದೆ, ಕ್ವಿಸ್ಲಿ! ಅಕ್ಕ ತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರಿಗೆ ಹೆಸರಿಟ್ಟ ಊರು ನಮ್ಮ ಊರೇ ಅಲ್ವಾ ಅನ್ನಿಸಿ ನನಗೆ ಖುಷಿಯೋ ಖುಷಿ. ಕೂಡುಕುಟುಂಬದ ಸಿನಿಮಾ ಅದು, ಮನೆ ತುಂಬಾ ಜನ. ನಾನು ಯಾರು ಯಾರಿಗೆ ಏನಾಗಬೇಕು ಅಂತ ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆದು ಗೋಡೆಗೆ ಅಂಟಿಸಿದೆ. ಅನುವಾದಕರು ಅದನ್ನು ನೋಡಿ ಪಟ್ಟಿಯನ್ನು ಮೊದಲಿನಿಂದ ತಿದ್ದಿದರು. ತಿದ್ದಿದ ಮೇಲೆ ಆ ಕುಟುಂಬ ಜಾರ್ಜಿಯಾದ ಕಾಖೇತಿ ಪ್ರಾಂತ್ಯದ ಯಾವುದೋ ಹಳ್ಳಿಯದ್ದು ಅಂದರೂ ನಂಬಬಹುದು, ಹಾಗಾಯಿತು.

ಆಮೇಲೆ ತುಟಿಗೆ ಮಾತು ಕೂಡಿಸುವ ಕೆಲಸ. ಇದಕ್ಕೇ ಬೇರೆ ಒಬ್ಬರು ಇರುತ್ತಾರೆ. ಇವರು ಪರದೆಯಲ್ಲಿ ಮುಖ ದೊಡ್ಡದಾಗಿ ಕಂಡಾಗೆಲ್ಲ ನಿಲ್ಲಿಸಿ, ತುಟಿ ಎಲ್ಲಿ ಮುಚ್ಚುತ್ತದೆ ನೋಡುತ್ತಾರೆ. ಪ, ಬ, ಮ ಬಂದ ಕಡೆ ತುಟಿ ಮುಚ್ಚಲೇಬೇಕು, ನೋಡುವವರ ಕಣ್ಣು ಅಲ್ಲಿ ಮೋಸ ಹೋಗುವುದಿಲ್ಲ. ಜಾರ್ಜಿಯನ್‌ನಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಬಹುದು, ಕನ್ನಡದ ಹಾಗೆಯೇ, ಅರ್ಥ ಕೆಡುವುದಿಲ್ಲ. ಕ್ರಿಯಾಪದ ಒಂದರಲ್ಲೇ ಯಾರು, ಯಾರಿಗೆ ಅನ್ನುವುದೆಲ್ಲ ಸೇರಿಕೊಳ್ಳುತ್ತದೆ. ಇದರಿಂದ ಜಾಗ ಉಳಿಯುತ್ತದೆ. ಉಳಿದ ಜಾಗದಲ್ಲಿ ಬೇಕಾದ ಅಕ್ಷರ ತಂದು ಕೂರಿಸುತ್ತಾರೆ.

ಆಸ್ಪತ್ರೆಯ ದೃಶ್ಯ ಒಂದಿತ್ತು. ಮಗ ಮಲಗಿದ್ದಾನೆ, ತಾಯಿ ಹತ್ತಿರ ಕೂತು "ಬೇಟಾ" ಅನ್ನುತ್ತಾಳೆ. ಕ್ಯಾಮೆರಾ ಅವಳ ಮುಖದ ಮೇಲೆಯೇ ಇದೆ. ತುಟಿ ಕೂಡಿಸುವವರು ಬಿಚೋ ಅಂತ ಬರೆದಿದ್ದರು. ಹುಡುಗನನ್ನು ಕರೆಯುವ ಮಾತು, ಬ ದಿಂದಲೇ ಶುರು, ಎರಡೇ ಅಕ್ಷರ, ಸಖತ್ತಾಗಿ ಕೂರುತ್ತದೆ. ಆ ಪಾತ್ರಕ್ಕೆ ದನಿ ಕೊಡಲು ಬಂದವರು ರಂಗಭೂಮಿಯ ಹಿರಿಯ ನಟಿ. ಒಂದು ಸಲ ಓದಿದರು, ಹಾಳೆ ಪಕ್ಕಕ್ಕೆ ಇಟ್ಟರು. "ಬಿಚೋ ಅಂತ ಬೀದಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೀತಾರೆ, ಸಾಯೋ ಸ್ಥಿತಿಯಲ್ಲಿರೋ ಮಗನಿಗೆ ತಾಯಿ ಹಾಗಂತಾಳಾ? ದೇದಾ ಅಂತಾಳೆ" ಅಂದರು. ದೇದಾ ಅಂದರೆ ಅಮ್ಮ. ಅಲ್ಲಿ ತಾಯಿ ಮಗುವನ್ನು ಮುದ್ದಿನಿಂದ ಕರೆಯುವುದೂ ದೇದಾ ಅಂತಲೇ, ನಮ್ಮಲ್ಲಿ ತಾಯಂದಿರು ಮಗಳಿಗೆ ಬಾರಮ್ಮಾ, ಮಗನಿಗೆ ಬಾರಪ್ಪಾ ಅನ್ನುವ ಹಾಗೆ. ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ದೇದಾ ಅನ್ನುವಾಗ ತುಟಿ ಮುಚ್ಚುವುದಿಲ್ಲ. ಜೋರು ಚರ್ಚೆ ಆಯಿತು. ಡಬ್ಬಿಂಗ್ ನಿರ್ದೇಶಕಿ ಗಾಜಿನ ಆ ಕಡೆಯಿಂದ ಎರಡನ್ನೂ ಹೇಳಿಸಿ ರೆಕಾರ್ಡ್ ಮಾಡಿಕೊಂಡರು, ಎಲ್ಲರನ್ನೂ ಕೂರಿಸಿ ಎರಡನ್ನೂ ಹಾಕಿ ತೋರಿಸಿದರು. ಬಿಚೋದಲ್ಲಿ ತುಟಿ ಸರಿಯಾಗಿ ಕೂತಿತ್ತು. ದೇದಾದಲ್ಲಿ ನಮ್ಮ ಯಾರ ಕಣ್ಣೂ ತುಟಿಯ ಕಡೆ ಹೋಗಲೇ ಇಲ್ಲ. ದೇದಾ ಉಳಿಯಿತು.

ರೆಕಾರ್ಡಿಂಗ್ ಎಲ್ಲ ಮಧ್ಯಾಹ್ನವೇ. ನಟರೆಲ್ಲ ನಾಟಕದವರು, ಬೆಳಗ್ಗೆ ತಾಲೀಮು, ಸಂಜೆ ಪ್ರದರ್ಶನ, ಮಧ್ಯದ ಹೊತ್ತು ಡಬ್ಬಿಂಗ್. ಒಬ್ಬೊಬ್ಬರೇ ಒಳಗೆ ಹೋಗಿ ನಿಲ್ಲುತ್ತಾರೆ. ಹೆಡ್‌ಫೋನ್‌ನ ಒಂದು ಕಡೆ ಮಾತ್ರ ಕಿವಿಗೆ, ಅದರಲ್ಲಿ ಹಿಂದಿ ಬರುತ್ತಿರುತ್ತದೆ, ಇನ್ನೊಂದು ಕಿವಿ ತಮ್ಮ ದನಿಗೆ ಬಿಟ್ಟಿರುತ್ತಾರೆ. ಎದುರಿನ ಪರದೆಯಲ್ಲಿ ದೃಶ್ಯ, ಸ್ಟ್ಯಾಂಡಿನ ಮೇಲೆ ಹಾಳೆ. ಹಾಳೆ ತಿರುವಿದರೆ ಸದ್ದು ಬರುತ್ತದೆ ಅಂತ ಬಿಡಿ ಬಿಡಿಯಾಗಿ ಇಟ್ಟಿರುತ್ತಾರೆ. ಎದುರು ಮಾತಾಡುವವರು ಇಲ್ಲ, ಆ ನಟರು ಬೇರೆ ದಿನ ಬರುತ್ತಾರೆ. ಇಬ್ಬರ ಜಗಳದ ದೃಶ್ಯವನ್ನು ಒಬ್ಬರೇ ನಿಂತು ಜಗಳವಾಡುವುದನ್ನು ಹತ್ತಿರದಿಂದ ನೋಡಬೇಕು, ಕತ್ತಿನ ನರ ಉಬ್ಬಿರುತ್ತದೆ, ಕಾಲು ಮಾತ್ರ ನೆಲಕ್ಕೆ ಅಂಟಿರುತ್ತದೆ, ಯಾಕೆಂದರೆ ಕಾಲು ಸರಿದರೆ ಮೈಕ್ ಹಿಡಿಯುತ್ತದೆ. ಮಾತು ಬಿಡಿ, ಓಡುವಾಗಿನ ಏದುಸಿರು, ಅಳುವ ಮುಂಚಿನ ಉಸಿರು, ಬಾಯಲ್ಲಿ ತುತ್ತು ಇಟ್ಟುಕೊಂಡು ಆಡುವ ಮಾತು, ಎಲ್ಲವನ್ನೂ ಹೊಸದಾಗಿ ಕೊಡಬೇಕು. ತುತ್ತಿನ ಮಾತಿಗೆ ಒಬ್ಬರು ನಿಜವಾಗಿಯೂ ಬ್ರೆಡ್ ತಂದಿದ್ದರು.

ನನ್ನ ಕೆಲಸ ಗಾಜಿನ ಈ ಕಡೆ. ಹೆಸರುಗಳ ಉಚ್ಚಾರ ಹೇಳಿಕೊಡುವುದು, ದೃಶ್ಯದ ಹಿಂದೆ ಏನಿದೆ ಹೇಳುವುದು. ಕರ್ವಾ ಚೌತ್ ಅಂದರೆ ಏನು, ಅವಳು ಜರಡಿಯಲ್ಲಿ ಚಂದ್ರನನ್ನು ಯಾಕೆ ನೋಡುತ್ತಾಳೆ ಅಂತ ಕೇಳುತ್ತಿದ್ದರು. ಅರ್ಥವಾಗದ ಸಾಲನ್ನು ಯಾರೂ ಹಾಗೇ ಓದಿ ಹೋಗಲಿಲ್ಲ. ಸಿನಿಮಾದಲ್ಲಿ ಡಾಕ್ಟರ್ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ಸಾಲುಗಳಿದ್ದವು, ಅನುವಾದ ಪುಸ್ತಕದ ಥರ ಇತ್ತು. ನಾನು ವಾರ್ಡಿನಲ್ಲಿ ಅಲ್ಲಿನ ಡಾಕ್ಟರರು ಹೇಳುವುದನ್ನು ಕೇಳಿದ್ದೆ. ಅವರು ಮೊದಲು ಎದುರಿನವರ ಹೆಸರಿಗೆ ಬಾತೊನೊ ಅಥವಾ ಕಲ್ಬತೊನೊ ಸೇರಿಸಿ ಕರೆಯುತ್ತಾರೆ, ನಮ್ಮ ರಾಯರೇ, ಅಮ್ಮಾವ್ರೇ ಇದ್ದ ಹಾಗೆ, ಆಮೇಲೆ ಒಂದು ಕ್ಷಣ ಬಿಡುತ್ತಾರೆ. ಅದನ್ನು ಹೇಳಿದೆ. ನಿರ್ದೇಶಕಿ ತಕ್ಷಣ ಬರೆಸಿಕೊಂಡರು.

ನನಗೆ ಈ ಕೆಲಸದ ತೂಕ ಸರಿಯಾಗಿ ತಿಳಿದದ್ದು ಒಂದು ಕಾರಿನ ದೃಶ್ಯದಲ್ಲಿ. ಇಳಿಜಾರಿನಲ್ಲಿ ಕಾರು ಹೋಗುತ್ತಿದೆ, ಪಕ್ಕದಲ್ಲಿ ಕೂತವನು ಬ್ರೇಕ್ ಹಾಕು ಅಂತ ಕೂಗಬೇಕು. ಹಾಳೆಯಲ್ಲಿ ಮುಖ್ರುಚಿ ಅಂತ ಇತ್ತು, ಅದು ಜಾರ್ಜಿಯನ್ ಪದ. ಯುವ ನಟ ಕೂಗಿದ್ದು ತೊರ್ಮುಝಿ ಅಂತ, ಅದು ರಷ್ಯನ್‌ನಿಂದ ಬಂದದ್ದು. ಟಿಬಿಲಿಸಿಯ ಯಾವ ಗ್ಯಾರೇಜಿಗೆ ಹೋದರೂ ಕಾರಿನ ಭಾಗಗಳ ಹೆಸರು ಮುಕ್ಕಾಲು ಪಾಲು ರಷ್ಯನ್ನೇ. "ಗಾಬರಿಯಲ್ಲಿ ಯಾರೂ ಮುಖ್ರುಚಿ ಅನ್ನಲ್ಲ, ಕೃತಕ ಆಗುತ್ತೆ" ಅಂದ ಆ ಹುಡುಗ. ನಿರ್ದೇಶಕಿ ಸಿಟ್ಟು ಮಾಡಲಿಲ್ಲ. "ಇವತ್ತು ಅನ್ನಲ್ಲ, ಸರಿ. ಇದನ್ನು ಹತ್ತು ವರ್ಷದ ಹುಡುಗರು ನೋಡ್ತಾರೆ. ಅವರು ಇನ್ನೂ ಗ್ಯಾರೇಜಿಗೆ ಹೋಗಿಲ್ಲ. ನೀನು ಗಾಬರಿಯಿಂದ ಕೂಗು, ಅವರಿಗೆ ಅದು ಗಾಬರಿಯ ಮಾತೇ ಆಗುತ್ತೆ" ಅಂದರು. ಅವನು ಕೂಗಿದ. ಬಹಳ ಚೆನ್ನಾಗಿ ಕೂಗಿದ.

ನನಗೆ ಡಬ್ಬಿಂಗ್ ಬಗ್ಗೆ ಹೇಳಬೇಕಾದದ್ದು ಇಷ್ಟೇ ನೋಡಿ. ಪದವನ್ನು ನಿಘಂಟಿನಲ್ಲಿ ಇಟ್ಟರೆ ಅದು ಅಲ್ಲೇ ಇರುತ್ತದೆ. ಅದು ಬಾಯಿಗೆ ಬರಬೇಕಾದರೆ ಯಾರಾದರೂ ಅದನ್ನು ಭಯದಲ್ಲಿ, ಪ್ರೀತಿಯಲ್ಲಿ, ಸಿಟ್ಟಿನಲ್ಲಿ ಆಡಿದ್ದನ್ನು ಕೇಳಿರಬೇಕು. ಒಂದು ಸಣ್ಣ ಭಾಷೆಯವರು ತಾವೇ ವರ್ಷಕ್ಕೆ ಎಷ್ಟು ಸಿನಿಮಾ ತೆಗೆಯಬಲ್ಲರು? ಬಾಹ್ಯಾಕಾಶ ನೌಕೆ, ಕೋರ್ಟಿನ ವಾದ, ಪತ್ತೇದಾರಿ, ಡೈನೋಸಾರ್, ಇವೆಲ್ಲ ಅವರ ದುಡ್ಡಿನಲ್ಲಿ ಆಗುವುದಲ್ಲ. ಆ ಸಿನಿಮಾಗಳು ಹೇಗಿದ್ದರೂ ಬರುತ್ತವೆ. ಬಂದಾಗ ಯಾವ ಮಾತಿನಲ್ಲಿ ಬರುತ್ತವೆ ಅನ್ನುವುದಷ್ಟೇ ಪ್ರಶ್ನೆ. ಬೇರೆ ಭಾಷೆಯಲ್ಲಿ ಬಂದರೆ, ದೊಡ್ಡ ವಿಷಯ ಎಲ್ಲ ಆ ಭಾಷೆಯದ್ದು, ನಮ್ಮದು ಮನೆ ಮಾತಿಗೆ ಮಾತ್ರ ಅಂತ ಮಕ್ಕಳು ತಾವಾಗೇ ತೀರ್ಮಾನಿಸಿಬಿಡುತ್ತಾರೆ. ಸಬ್‌ಟೈಟಲ್ ಇದೆಯಲ್ಲ ಅನ್ನುವವರಿಗೆ, ಐದು ವರ್ಷದ ಮಗುವಿಗೆ ಓದೋಕೆ ಬರಲ್ಲ, ಬೆಬಿಯಾಗೆ ಸಣ್ಣ ಅಕ್ಷರ ಕಾಣಲ್ಲ.

ಇಲ್ಲಿ ಕರ್ನಾಟಕದ ಮಾತು ಬರಲೇಬೇಕು. ನಮ್ಮಲ್ಲಿ ಅರವತ್ತರ ದಶಕದಲ್ಲಿ ಅನಕೃ ಅವರಂಥವರು ಡಬ್ಬಿಂಗ್ ಬೇಡ ಅಂತ ಹೋರಾಡಿದರು, ರಾಜ್‌ಕುಮಾರ್ ಜೊತೆಗೆ ನಿಂತರು. ಆಗ ಕನ್ನಡ ಚಿತ್ರರಂಗ ಮದ್ರಾಸಿನ ನೆರಳಲ್ಲಿ ಇತ್ತು, ನಮ್ಮ ಕಲಾವಿದರಿಗೆ ಕೆಲಸವೇ ಇಲ್ಲದಂತಾಗುತ್ತಿತ್ತು. ಆ ಹೋರಾಟ ಇಲ್ಲದಿದ್ದರೆ ಆಮೇಲಿನ ಸಿನಿಮಾಗಳು ಬರುತ್ತಿದ್ದವೋ ಇಲ್ಲವೋ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಬಾಗಿಲು ಹಾಕಿದ್ದು ಅರ್ಧ ಶತಮಾನ ಹಾಗೇ ಇತ್ತು. ಆ ಹೊತ್ತಿಗೆ ಕಾರ್ಟೂನು, ವಿಜ್ಞಾನದ ಚಾನೆಲ್ಲು ಎಲ್ಲ ಹಿಂದಿ, ತಮಿಳು, ತೆಲುಗಿನಲ್ಲಿ ಬಂದವು, ಕನ್ನಡದಲ್ಲಿ ಬಂದದ್ದು ತೀರಾ ಕಡಿಮೆ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ, ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ಸಂಸ್ಥೆ, ಹೀಗೆ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು, 2017ರಲ್ಲಿ ತಮಿಳಿನ ಪೊಲೀಸ್ ಸಿನಿಮಾ ಒಂದು ಕನ್ನಡ ಮಾತಾಡಿಕೊಂಡು ಬಂತು. ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ ಹಿಂದಿ ಕಾರ್ಟೂನ್ ನೋಡಿಕೊಂಡು. ಟಿಬಿಲಿಸಿಯಲ್ಲಿ ಕೆಲಸ ಸಿಗುವಷ್ಟು ಹಿಂದಿ ನನಗೆ ಬಂದದ್ದೇ ಆ ಕಾರ್ಟೂನುಗಳಿಂದ. ಇದನ್ನು ಹೇಳಿದಾಗ ನಿರ್ದೇಶಕಿ ನಗಲಿಲ್ಲ. "ನಮ್ಮ ತಲೆಮಾರಿಗೆ ರಷ್ಯನ್ ಬಂದದ್ದೂ ಹಾಗೇ" ಅಂದರು.

ಎಲ್ಲಾ ಡಬ್ಬಿಂಗೂ ಹೀಗೆ ನಡೆಯುತ್ತದೆ ಅಂತ ತಿಳಿಯಬೇಡಿ. ಹಣ ಕಡಿಮೆ ಇದ್ದರೆ ಟಿವಿಯವರು ಮೂಲ ದನಿಯನ್ನು ತಗ್ಗಿಸಿ, ಅದರ ಮೇಲೆ ಕೆಲವೇ ನಟರಿಂದ ಮಾತು ಓದಿಸುತ್ತಾರೆ. ಜಾರ್ಜಿಯನ್ ಮಾತು ಒಂದು ಕ್ಷಣ ತಡವಾಗಿ ಶುರುವಾಗುತ್ತದೆ, ಕೆಳಗೆ ಹಿಂದಿ ಕೇಳುತ್ತಲೇ ಇರುತ್ತದೆ. ಅಂಥ ಒಂದರಲ್ಲಿ ಮಗ "ಮಾ, ಮಾ" ಅಂತ ಅಳುವಾಗ ಬೆಬಿಯಾ, ಇವನು ತಾಯಿಯ ಮುಂದೆ ಅಪ್ಪನನ್ನು ಯಾಕೆ ಕರೆಯುತ್ತಿದ್ದಾನೆ ಅಂದರು, ಯಾಕೆಂದರೆ ಜಾರ್ಜಿಯನ್‌ನಲ್ಲಿ ಅಪ್ಪನಿಗೆ ಮಾಮಾ ಅನ್ನುತ್ತಾರೆ. ಈ ಓದಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಕತೆ ತಿಳಿಯುತ್ತದೆ, ಅಷ್ಟೇ. ಭಾಷೆ ಅಲ್ಲಿ ನಟಿಸುವುದಿಲ್ಲ, ವರದಿ ಒಪ್ಪಿಸುತ್ತದೆ.

ನಮ್ಮ ಸಿನಿಮಾದ ಮದುವೆ ದೃಶ್ಯಕ್ಕೆ ಜನರ ಗದ್ದಲ ಬೇಕಿತ್ತು. ಮೂಲದ ಸಂಗೀತ, ಪಾತ್ರೆ ಸದ್ದು, ಹೆಜ್ಜೆ ಸದ್ದು ಬೇರೆ ಟ್ರ್ಯಾಕಿನಲ್ಲಿ ಬಂದಿತ್ತು, ಆದರೆ ಜನರ ಮಾತು ಇರಲಿಲ್ಲ. ಅವತ್ತು ಸ್ಟುಡಿಯೋದಲ್ಲಿ ಇದ್ದವರನ್ನೆಲ್ಲ ಒಳಗೆ ಕರೆದರು, ಲೆಕ್ಕ ಬರೆಯುವವರು, ಡ್ರೈವರ್, ಅನುವಾದಕರು, ನಾನು. ಮದುವೆ ಮನೆಯಲ್ಲಿ ಏನು ಮಾತಾಡುತ್ತೀರೋ ಅದನ್ನೇ ಆಡಿ ಅಂದರು. ಡ್ರೈವರ್ ದೊಡ್ಡ ದನಿಯಲ್ಲಿ ವಧೂವರರಿಗೆ ಹಾರೈಕೆ ಶುರು ಮಾಡಿದರು, ಅಲ್ಲಿನ ಔತಣಗಳಲ್ಲಿ ಮಾಡುವ ಹಾಗೆ. ಇನ್ನೊಬ್ಬರು ಉಪ್ಪು ಜಾಸ್ತಿ ಆಗಿದೆ ಅಂತ ಗೊಣಗಿದರು. ನಾನು ಹುಡುಗನ ಕಡೆಯವರು ಎಲ್ಲಿ ಕೂತಿದ್ದಾರೆ ಅಂತ ವಿಚಾರಿಸಿದೆ. ಜೈಪುರದ ಆ ಮದುವೆ ಮನೆಯ ಹಿನ್ನೆಲೆಯಲ್ಲಿ ಈಗಲೂ ನನ್ನ ದನಿ ಇದೆ.

ಹಾಡುಗಳನ್ನು ಮುಟ್ಟಲಿಲ್ಲ, ಹಿಂದಿಯಲ್ಲೇ ಬಿಟ್ಟು ಕೆಳಗೆ ಅರ್ಥ ಹಾಕಿದರು. ಅದೇ ಸರಿ. ಬೆಬಿಯಾ ಅಂಥವರಿಗೆ ಹಾಡೂ ಬದಲಾಗಿದ್ದರೆ ಇದು ಇಂಡಿಯಾದ ಸಿನಿಮಾ ಅಂತಲೇ ಅನ್ನಿಸುತ್ತಿರಲಿಲ್ಲ.

ಆ ಸ್ಟುಡಿಯೋದವರಿಗೆ ಈಗ ಇಷ್ಟವಾದ ಕೆಲಸ ಮಕ್ಕಳ ಅನಿಮೇಷನ್. ಫೋನಿನಲ್ಲಿ ಇಂಗ್ಲಿಷ್ ವಿಡಿಯೋ ನೋಡಿ ನೋಡಿ ಪುಟ್ಟ ಮಕ್ಕಳು ಆಟದಲ್ಲೂ ಇಂಗ್ಲಿಷ್ ಮಾತಾಡುತ್ತಾರೆ ಅನ್ನುವ ಚಿಂತೆ ಅಲ್ಲಿನ ಮನೆಗಳಲ್ಲೂ ಇದೆ. ರಷ್ಯನ್ ಹೋದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತಿದೆ, ಅಲ್ವಾ. ಮಕ್ಕಳ ಪಾತ್ರಕ್ಕೆ ಮಕ್ಕಳನ್ನೇ ಕರೆಸುತ್ತಾರೆ. ಓದೋಕೆ ಬಾರದ ಮಗು ಬಂದರೆ ನಿರ್ದೇಶಕಿ ತಾವೇ ಒಳಗೆ ಹೋಗಿ, ಮಂಡಿಯೂರಿ ಕೂತು, ಒಂದೊಂದೇ ಸಾಲನ್ನು ಕಿವಿಯಲ್ಲಿ ಹೇಳಿ ಹೇಳಿಸುತ್ತಾರೆ. ತಾಸುಗಟ್ಟಲೆ ಹಿಡಿಯುತ್ತದೆ, ದುಡ್ಡು ಅದಕ್ಕೆ ತಕ್ಕಷ್ಟು ಬರುವುದಿಲ್ಲ, ಆದರೂ ಬಿಡುವುದಿಲ್ಲ.

ಟಿಬಿಲಿಸಿಯಲ್ಲಿ ಓದುತ್ತಿರುವ ನಮ್ಮವರಿಗೆ ಒಂದು ಮಾತು. ರುಸ್ತವೇಲಿ ರಸ್ತೆಯ ಚಿತ್ರಮಂದಿರಕ್ಕೆ ಹೋದಾಗ ಯಾವ ಪ್ರದರ್ಶನ ಯಾವ ಭಾಷೆಯಲ್ಲಿ ಅಂತ ನೋಡಿ, ಇಂಗ್ಲಿಷ್ ಬಿಟ್ಟು ಜಾರ್ಜಿಯನ್‌ದಕ್ಕೆ ಟಿಕೆಟ್ ತಗೊಳ್ಳಿ. ಮಕ್ಕಳ ಸಿನಿಮಾದಿಂದ ಶುರು ಮಾಡಿ, ವಾಕ್ಯ ಚಿಕ್ಕದಾಗಿರುತ್ತವೆ, ಉಚ್ಚಾರ ಸ್ಪಷ್ಟ ಇರುತ್ತದೆ. ಮೊದಮೊದಲು ಏನೂ ಹತ್ತುವುದಿಲ್ಲ. ಆಮೇಲೆ ಬಾ, ಹೋಗು, ನಿಲ್ಲು, ಎಲ್ಲಿ ನೋವು, ಯಾವಾಗಿಂದ ಅನ್ನುವುದೆಲ್ಲ ತಾನಾಗೇ ಕಿವಿಗೆ ಸಿಗುತ್ತದೆ, ಮಾರನೇ ದಿನ ವಾರ್ಡಿನಲ್ಲಿ ಅವನ್ನೇ ಆಡಬಹುದು.